ಸಮಾಜವಿಜ್ಞಾನವು ಸ್ತುತಿಪಾಠವಲ್ಲ

ಕನ್ನಡ ನಾಡಿನಲ್ಲಿ ಒಂದು ಸರಕಾರ ಇಳಿದು ಮತ್ತೊಂದು ಏರಿದಾಗಲೆಲ್ಲ ತಿದ್ದುಪಡಿಗೆ ಮೊದಲು ಗುರಿಯಾಗುವ ವಸ್ತುಗಳಲ್ಲಿ ಶಾಲೆಯ ಮಕ್ಕಳ ಸಮಾಜವಿಜ್ಞಾನದ ಪುಸ್ತಕವೂ ಒಂದೆಂಬುದು ಈಚಿನ ವರ್ಷಗಳ ಅನುಭವವಾಗಿದೆ. 2017ರಲ್ಲಿ ಪರಿಷ್ಕೃತ ಪುಸ್ತಕಗಳು ಬಂದುವು; 2022ರಲ್ಲಿ ಅವುಗಳನ್ನು ಮತ್ತೆ ಪರಿಷ್ಕರಿಸಲಾಯಿತು; 2023ರಲ್ಲಿ ಆ ಪರಿಷ್ಕರಣದ ಕೆಲವು ಭಾಗಗಳನ್ನು ಕೈಬಿಟ್ಟು ಹಿಂದಿನ ಕೆಲವನ್ನು ಮರಳಿ ಸೇರಿಸಲಾಯಿತು. ಯಾವ ಅರಸನನ್ನು ಉಳಿಸಬೇಕು, ಯಾವ ಸುಧಾರಕನಿಗೆ ಎಷ್ಟು ಪುಟಗಳು ಸಲ್ಲಬೇಕು, ಯಾರ ಹೆಸರಿನೊಡನೆ ಬರಬೇಕಾದ ಬಿರುದು ಬಿಟ್ಟುಹೋಗಿದೆ ಎಂಬ ಪ್ರಶ್ನೆಗಳ ಮೇಲೆ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಬೀದಿಗಳಲ್ಲಿಯೂ ಪ್ರತಿಸಲವೂ ಉಗ್ರವಾದ ವಾದ ನಡೆಯಿತು. ಹೀಗೆ ಎದುರುಬದುರಾಗಿ ನಿಂತ ಪಕ್ಷಗಳು ಒಂದೊಂದು ಹೆಸರಿಗಾಗಿಯೂ ಕಾದಾಡುತ್ತಿದ್ದರೂ, ಮೂಲಭೂತವಾದ ಒಂದು ವಿಷಯದಲ್ಲಿ ಪರಸ್ಪರ ಸಂಪೂರ್ಣವಾಗಿ ಒಪ್ಪಿವೆ. ಮಕ್ಕಳ ಮುಂದೆ ಪೂಜ್ಯರಾದ ವ್ಯಕ್ತಿಗಳನ್ನೂ ಉಜ್ಜ್ವಲವಾದ ಕಾಲಗಳನ್ನೂ ನಿಲ್ಲಿಸಿ ಅವರಲ್ಲಿ ಅಭಿಮಾನವನ್ನು ಬೆಳೆಸುವುದೇ ಸಮಾಜವಿಜ್ಞಾನದ ಪರಮಪ್ರಯೋಜನ, ಆದುದರಿಂದ ಪಠ್ಯಕ್ರಮದ ಪ್ರಶ್ನೆಯೆಂದರೆ ಪೂಜ್ಯರ ಪಟ್ಟಿಯ ಪ್ರಶ್ನೆ ಎಂಬುದೇ ಆ ಒಮ್ಮತ. ಈ ಒಮ್ಮತವೇ ರೋಗದ ಮೂಲವೆಂದೂ, ಪಟ್ಟಿಯನ್ನು ಎಷ್ಟು ಸಲ ತಿದ್ದಿದರೂ ರೋಗ ವಾಸಿಯಾಗಲಾರದೆಂದೂ, ಸಮಾಜದ ವಿಷಯವಾಗಿ ತನ್ನ ಕಿವಿಗೆ ಬಿದ್ದ ಮಾತನ್ನು ಪರೀಕ್ಷಿಸಿ ನೋಡುವ ವಿದ್ಯೆಯನ್ನೇ ಈ ಶಾಸ್ತ್ರವು ವಿದ್ಯಾರ್ಥಿಗೆ ಕಲಿಸತಕ್ಕದ್ದೆಂದೂ ನನ್ನ ದೃಢವಾದ ಅಭಿಪ್ರಾಯ. ಅದನ್ನು ಸಮರ್ಥಿಸುವುದು ಈ ಲೇಖನದ ಉದ್ದೇಶ.

ಖಂಡಿಸಹೊರಟ ಪಕ್ಷವನ್ನು ದುರ್ಬಲವಾಗಿ ನಿರೂಪಿಸುವುದು ನ್ಯಾಯವಲ್ಲ. ಅದರ ಪ್ರತಿಪಾದಕರು ತಾವೇ ಎಷ್ಟು ಬಲವಾಗಿ ಹೇಳುವರೋ ಅಷ್ಟೇ ಬಲವಾಗಿ ಅದನ್ನು ಮೊದಲು ಮುಂದಿಡಬೇಕು. ಅವರ ವಾದಗಳು ಮೂರು. ಹತ್ತರಿಂದ ಹದಿನೈದರವರೆಗಿನ ವಯಸ್ಸು ಪ್ರೀತಿಯ ವಯಸ್ಸೇ ಹೊರತು ವಿಮರ್ಶೆಯ ವಯಸ್ಸಲ್ಲ. ಪ್ರೀತಿ ಮೊದಲು ಬೇರೂರದಿದ್ದರೆ ಮುಂದೆ ಬರುವ ವಿಮರ್ಶೆ ಬರಿಯ ನಿಂದೆಯಾಗುತ್ತದೆ ಎಂಬುದು ಒಂದು. 1817ರಲ್ಲಿ ಜೇಮ್ಸ್ ಮಿಲ್ ನಮ್ಮ ದೇಶದ ಇತಿಹಾಸವನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಮೂರು ಕಾಲಗಳಾಗಿ ಸೀಳಿ, ಬ್ರಿಟಿಷರು ಬರುವ ಮೊದಲಿನದೆಲ್ಲ ಹೀನವೆಂದು ಬರೆದ ಮೇಲೆ, ತಲೆಮಾರುಗಳವರೆಗೆ ನಮ್ಮ ಮಕ್ಕಳು ತಮ್ಮ ಹಿರಿಯರನ್ನು ಪರರ ಕಣ್ಣಿನಿಂದ ನೋಡಿ ಕುಗ್ಗಿಹೋದರು. ಆ ಕುಗ್ಗನ್ನು ಕಳೆಯುವುದಕ್ಕಾಗಿಯೇ 1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಹುಟ್ಟಿತು. ಅಂಥ ಅಭಿಮಾನವಿಲ್ಲದಿದ್ದರೆ ಏಕೀಕರಣವೇ ಆಗುತ್ತಿರಲಿಲ್ಲ ಎಂಬುದು ಎರಡು. ಶತಮಾನಗಳಿಂದ ಅಕ್ಷರದ ಹೊರಗೆ ಇಡಲ್ಪಟ್ಟ ಸಮುದಾಯದ ಮಗುವೊಂದು ಪುಸ್ತಕವನ್ನು ತೆರೆದಾಗ ತನ್ನವರ ಹೆಸರೊಂದೂ ಅಲ್ಲಿ ಕಾಣದಿದ್ದರೆ ಈ ನಾಡು ತನ್ನದೆಂದು ಅದಕ್ಕೆ ಅನಿಸುವುದು ಹೇಗೆ, ಆದುದರಿಂದ ಪೂಜ್ಯರ ಪಟ್ಟಿಯಲ್ಲಿ ಅವರಿಗೂ ಸ್ಥಾನ ದೊರೆಯಲೇಬೇಕು ಎಂಬುದು ಮೂರು. ಈ ಮೂರೂ ಸಜ್ಜನರ ಬಾಯಿಂದ ಬರುವ ಮಾತುಗಳು. ಮೂರರಲ್ಲಿಯೂ ಸತ್ಯದ ಅಂಶವಿದೆ. ಆದರೂ ಇವುಗಳಿಂದ ಸಾಧಿತವಾಗಬೇಕಾದುದು ಸಾಧಿತವಾಗುವುದಿಲ್ಲ.

ಆಲೂರರ ಹೆಸರಿನ ಗೌರವ ಬೆಂಬಲಕ್ಕಿರುವ ಎರಡನೆಯ ವಾದವನ್ನು ಮೊದಲು ತೆಗೆದುಕೊಳ್ಳೋಣ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಮತ್ತು ಹಲವು ಸಣ್ಣ ಸಂಸ್ಥಾನಗಳ ಆಡಳಿತಗಳಲ್ಲಿ ಹರಿದು ಹಂಚಿಹೋಗಿ, ತಾನು ಒಂದೆಂಬುದನ್ನೇ ಮರೆತಿದ್ದ ಜನತೆಯನ್ನು ಎಬ್ಬಿಸುವುದಕ್ಕಾಗಿ ಅವರು ಆ ಗ್ರಂಥವನ್ನು ಬರೆದರು. ಅದು ಪ್ರೌಢರಾದ ಓದುಗರನ್ನು ಒಂದು ಕಾರ್ಯಕ್ಕೆ ಕರೆದ ಗ್ರಂಥ. ಆ ಕಾರ್ಯ 1956ರ ನವೆಂಬರ್ 1ರಂದು ಫಲಿಸಿತು. ಇದಕ್ಕಿಂತಲೂ ಮುಖ್ಯವಾದ ಸಂಗತಿ ಮತ್ತೊಂದಿದೆ. ಆಲೂರರಿಗೆ ಆ ಅಭಿಮಾನ ಬಂದುದು ಯಾವ ಪಾಠಪುಸ್ತಕವನ್ನೂ ಬಾಯಿಪಾಠ ಮಾಡಿದ್ದರಿಂದಲ್ಲ. 1905ರಲ್ಲಿ ಆನೆಗೊಂದಿಗೆ ಹೋಗಿ ಹಳೆಯ ಅವಶೇಷಗಳ ನಡುವೆ ನಿಂತು, ಇದನ್ನು ಕಟ್ಟಿದವರು ಯಾರು, ಅವರು ಏನಾದರು, ನಾವು ಅವರನ್ನು ಮರೆತುದು ಏಕೆ ಎಂದು ತಮ್ಮನ್ನೇ ಕೇಳಿಕೊಂಡು, ಆ ಪ್ರಶ್ನೆಯ ಬೆನ್ನುಹತ್ತಿ ವರ್ಷಗಟ್ಟಲೆ ದುಡಿದುದರಿಂದ ಅದು ಬಂದಿತು. ಅವರು ಪ್ರಶ್ನೆಯಿಂದ ಹೊರಟು ಅಭಿಮಾನವನ್ನು ಮುಟ್ಟಿದರು. ನಾವು ಅವರ ಹೆಸರನ್ನು ಹೇಳಿಕೊಂಡು ಪ್ರಶ್ನೆಯನ್ನು ತೆಗೆದುಹಾಕಿ ಅಭಿಮಾನವನ್ನು ಮಾತ್ರ ಮಕ್ಕಳ ಕೈಯಲ್ಲಿ ಇಡುತ್ತಿದ್ದೇವೆ. ಶೋಧಿಸಿ ಪಡೆದವನಿಗೆ ಯಾವುದು ಬೆಳಕಾಗಿತ್ತೋ ಅದು ಶೋಧನೆಯಿಲ್ಲದೆ ಪಡೆದವನಿಗೆ ಎರಡು ಅಂಕದ ಉತ್ತರವಾಗುತ್ತದೆ.

ಈ ಮಾತು ಅತಿಶಯೋಕ್ತಿಯಲ್ಲವೆಂಬುದಕ್ಕೆ ಇಮ್ಮಡಿ ಪುಲಕೇಶಿಯ ಪಾಠವನ್ನೇ ನೋಡಬಹುದು. ಅವನು ಹರ್ಷವರ್ಧನನನ್ನು ನರ್ಮದೆಯ ಬಳಿ ತಡೆದನೆಂಬುದು ನಮ್ಮ ನಾಡಿನ ಪ್ರತಿಯೊಬ್ಬ ವಿದ್ಯಾರ್ಥಿಗೂ ಕಂಠಸ್ಥವಾಗಿದೆ. ಅದು ನಮಗೆ ತಿಳಿದದ್ದು ಹೇಗೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿಯೆಂಬ ಕವಿ ಕ್ರಿ.ಶ. 634ರಲ್ಲಿ ರಚಿಸಿದ ಪ್ರಶಸ್ತಿಯೊಂದಿದೆ. ಹರ್ಷನ ಪರಾಭವದ ಸಂಗತಿ ಅದರಲ್ಲಿ ಬರುತ್ತದೆ. ಆದರೆ ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ಒಡೆಯನನ್ನು ಹೊಗಳುವುದು ಅವನ ಧರ್ಮ. ಅವನೊಬ್ಬನ ಮಾತನ್ನು ಹೇಗೆ ನಂಬುವುದು ಎಂಬ ಸಂಶಯ ಹದಿಮೂರು ವರ್ಷದ ಹುಡುಗನಿಗೂ ಸಹಜವಾಗಿ ಬರತಕ್ಕದ್ದೇ. ಆಗ ಅವನ ಮುಂದೆ ಎರಡನೆಯ ಸಾಕ್ಷಿಯನ್ನು ನಿಲ್ಲಿಸಬೇಕು. ಚೀನಾದ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಹರ್ಷನಿಂದ ಸತ್ಕಾರ ಪಡೆದವನು, ಅವನ ಗುಣಗಳನ್ನು ಮೆಚ್ಚಿ ಬರೆದವನು. ಪುಲಕೇಶಿಯನ್ನು ಹೊಗಳಬೇಕಾದ ಋಣ ಅವನಿಗೆ ಇರಲಿಲ್ಲ. ಅಂಥವನೂ, ಹರ್ಷನು ತಾನೇ ಸೈನ್ಯವನ್ನು ನಡೆಸಿಕೊಂಡು ಹೋದರೂ ಈ ದಕ್ಷಿಣದ ಅರಸನನ್ನು ಅಧೀನಪಡಿಸಿಕೊಳ್ಳಲಾಗಲಿಲ್ಲವೆಂಬುದನ್ನು ಒಪ್ಪಿ ಬರೆದಿದ್ದಾನೆ. ಒಡೆಯನ ಕವಿಯೂ ಎದುರಾಳಿಯ ಅತಿಥಿಯೂ ಒಂದೇ ಸಂಗತಿಯಲ್ಲಿ ಕೂಡಿದಾಗ ಆ ಸಂಗತಿ ಗಟ್ಟಿಯಾಗುತ್ತದೆ; ಇತಿಹಾಸವು ಶಾಸ್ತ್ರವೆನಿಸುವುದು ಈ ಕ್ಷಣದಲ್ಲಿ.

ಪಾಠ ಇಲ್ಲಿಗೆ ಮುಗಿಯತಕ್ಕದ್ದಲ್ಲ. ಅದೇ ಪುಲಕೇಶಿ ಬೆನ್ನು ತೋರಿಸಿದನೆಂದು ಪಲ್ಲವರ ಕೂರಂ ತಾಮ್ರಶಾಸನ ಹೇಳುತ್ತದೆ. ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಗೆದ್ದುದಕ್ಕೆ ಬಾದಾಮಿಯ ಬಂಡೆಯ ಮೇಲೆಯೇ ಅವನ ಶಾಸನ ಸಾಕ್ಷಿಯಾಗಿದೆ. ಐಹೊಳೆಯ ಪ್ರಶಸ್ತಿಯಲ್ಲಿ ಈ ಸೋಲಿನ ಸುದ್ದಿ ಏಕಿಲ್ಲವೆಂದು ವಿದ್ಯಾರ್ಥಿ ಕೇಳಲಿ. ಆ ಪ್ರಶಸ್ತಿಯನ್ನು ಕಂಡರಿಸಿದ ಮೇಲೆ, ಸುಮಾರು 642ರಲ್ಲಿ ವಾತಾಪಿ ಬಿದ್ದಿತೆಂಬುದನ್ನು ಅವನೇ ಕಾಲಗಣನೆಯಿಂದ ಕಂಡುಕೊಳ್ಳಲಿ. ಸಾಕ್ಷಿಯೊಬ್ಬನು ತಾನು ನುಡಿದ ದಿನದ ಆಚೆಗೆ ಏನನ್ನೂ ಹೇಳಲಾರನೆಂಬ ತತ್ತ್ವವು ಅವನಿಗೆ ಆಗ ಉಪದೇಶವಿಲ್ಲದೆಯೇ ಮನದಟ್ಟಾಗುತ್ತದೆ. ಹೀಗೆ ಕಲಿತವನ ಪುಲಕೇಶಿ, ಬಾಯಿಪಾಠದ ಪುಲಕೇಶಿಗಿಂತ ಕಿರಿಯನಾಗುವನೆಂಬ ಭಯ ನಿರಾಧಾರವಾದುದು. ಗೆದ್ದು ಸೋತ ಮನುಷ್ಯನಾಗಿ, ಕಲ್ಲಿನ ಮೇಲೂ ಪರದೇಶದ ಯಾತ್ರಿಕನ ಗ್ರಂಥದಲ್ಲಿಯೂ ಗುರುತು ಬಿಟ್ಟು ಹೋದ ನಿಜವಾದ ಅರಸನಾಗಿ ಅವನು ವಿದ್ಯಾರ್ಥಿಯ ಮನಸ್ಸಿನಲ್ಲಿ ನಿಲ್ಲುತ್ತಾನೆ. ಇಂಥ ಗೌರವವನ್ನು ಯಾವ ಹೊಸ ಸಂಗತಿಯೂ ಅಲುಗಿಸಲಾರದು.

ಪುಲಕೇಶಿಯ ವಿಷಯದಲ್ಲಿ ಇಂದು ಯಾರಿಗೂ ಕೋಪವಿಲ್ಲ. ಕೋಪವಿರುವ ವಿಷಯವನ್ನೇ ತೆಗೆದುಕೊಂಡರೆ ಪ್ರಚಲಿತ ಅಭಿಪ್ರಾಯದ ದೋಷ ಇನ್ನೂ ಸ್ಪಷ್ಟವಾಗುತ್ತದೆ. ಟಿಪ್ಪು ಸುಲ್ತಾನನ ಪಾಠವು ಪ್ರತಿಯೊಂದು ಪರಿಷ್ಕರಣದಲ್ಲಿಯೂ ಹಿಗ್ಗುತ್ತದೆ, ಇಲ್ಲವೆ ಕುಗ್ಗುತ್ತದೆ. 1791ರಲ್ಲಿ ಮರಾಠಾ ಸೈನ್ಯದ ದಂಡಾಳುಗಳು ಶೃಂಗೇರಿಯ ಮಠವನ್ನು ಸುಲಿದಾಗ ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ವಿನಯದಿಂದ ಬರೆದ, ಮಠದ ಪುನರುದ್ಧಾರಕ್ಕೆ ನೆರವು ನೀಡಿದ ಕನ್ನಡ ಪತ್ರಗಳು 1916ರಲ್ಲಿ ಬೆಳಕಿಗೆ ಬಂದುವು. ಅದೇ ಟಿಪ್ಪುವಿನ ಸೈನ್ಯ ಕೊಡಗಿನಿಂದ ಕೊಡವರನ್ನು ಗುಂಪುಗುಂಪಾಗಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿತು. ಮಲಬಾರಿನಲ್ಲಿ ಬಲವಂತದ ಮತಾಂತರಗಳು ನಡೆದುವು. ಆ ನೆನಪು ಅಲ್ಲಿನ ಮನೆಗಳಲ್ಲಿ ಇಂದಿಗೂ ಆರಿಲ್ಲ. ಒಂದು ಪಕ್ಷದವರಿಗೆ ಮೊದಲಿನದು ಪುಸ್ತಕದಲ್ಲಿರಬೇಕು, ಎರಡನೆಯದು ಇರಬಾರದು. ಇನ್ನೊಂದು ಪಕ್ಷದವರಿಗೆ ಎರಡನೆಯದು ಇರಬೇಕು, ಮೊದಲಿನದು ಇರಬಾರದು. ಎರಡೂ ಪಕ್ಷದವರು ಮಾಡುತ್ತಿರುವ ಕಾರ್ಯ ಒಂದೇ: ಮಕ್ಕಳಿಂದ ಸಾಕ್ಷ್ಯವನ್ನು ಮುಚ್ಚಿಡುವುದು. ನ್ಯಾಯಾಲಯದಲ್ಲಿ ಅಪರಾಧವೆನಿಸುವ ಈ ಕೆಲಸವನ್ನು ಶಾಲೆಯಲ್ಲಿ ದೇಶಸೇವೆಯೆಂದೋ ಸೌಹಾರ್ದಸೇವೆಯೆಂದೋ ಕರೆಯಲಾಗುತ್ತಿದೆ. ಶೃಂಗೇರಿಯ ಪತ್ರವನ್ನೂ ಕೊಡಗಿನ ಸಂಗತಿಯನ್ನೂ ಒಂದೇ ಪುಟದಲ್ಲಿ ಓದಿ, ಒಬ್ಬನೇ ಅರಸನು ಒಂದೇ ಕಾಲದಲ್ಲಿ ಎರಡು ಬಗೆಯಾಗಿ ನಡೆದುದೇಕೆ, ರಾಜಕಾರಣ ಎಷ್ಟು, ಧರ್ಮ ಎಷ್ಟು, ಸೆರೆಯಾದವರ ಸಂಖ್ಯೆಗಳು ಬೇರೆ ಬೇರೆ ಬರಹಗಳಲ್ಲಿ ಬೇರೆ ಬೇರೆಯಾಗಿರುವುದೇಕೆ ಎಂದು ವಿಚಾರ ಮಾಡಿದ ಹತ್ತನೆಯ ತರಗತಿಯ ವಿದ್ಯಾರ್ಥಿ ಟಿಪ್ಪುವನ್ನು ಪೂಜಿಸದೆ ಹೋಗಬಹುದು, ದ್ವೇಷಿಸದೆಯೂ ಹೋಗಬಹುದು. ಅವನು ಟಿಪ್ಪುವನ್ನು ತಿಳಿಯುತ್ತಾನೆ. ಶಾಲೆಯಿಂದ ಬಯಸತಕ್ಕದ್ದು ಅಷ್ಟೇ.

ಎಳೆಯರಿಗೆ ಇಷ್ಟು ವಿವೇಚನೆ ಸಾಧ್ಯವೇ ಎಂಬುದು ಮೊದಲನೆಯ ವಾದ. ಹೊಲದ ಬದುವಿನ ಜಗಳ ಪಂಚಾಯತಿಗೆ ಬಂದಾಗ ಅರಳಿಕಟ್ಟೆಯ ಮಗ್ಗುಲಲ್ಲಿ ನಿಂತು ಕೇಳಿದ ಹುಡುಗನನ್ನು, ಯಾರ ಮಾತು ನಂಬುವಂತಿತ್ತು, ಏಕೆ ಎಂದು ಕೇಳಿ ನೋಡಿದರೆ ಈ ಸಂಶಯ ಪರಿಹಾರವಾಗುತ್ತದೆ. ತನ್ನ ಸುತ್ತಿನ ಜನರ ಮಾತಿನಲ್ಲಿ ಸ್ವಾರ್ಥವನ್ನೂ ಸತ್ಯವನ್ನೂ ಬೇರ್ಪಡಿಸುವ ಶಕ್ತಿ ಮಗುವಿನಲ್ಲಿ ಇದ್ದೇ ಇದೆ; ಶಾಲೆಯು ಅದನ್ನು ಬೆಳೆಸುವುದಕ್ಕೆ ಬದಲು, ಪುಸ್ತಕದ ಮುಂದೆ ಅದನ್ನು ಉಪಯೋಗಿಸಬಾರದೆಂದು ಕಲಿಸುತ್ತಿದೆ. 1936ರಷ್ಟು ಹಿಂದೆಯೇ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಸಂಪುಟಗಳನ್ನು ರಚಿಸಿ, ಎಳೆಯರ ಕುತೂಹಲಕ್ಕೆ ವಿಶಾಲವಾದ ಜಗತ್ತನ್ನೇ ಒಡ್ಡಬಹುದೆಂಬುದನ್ನು ತೋರಿಸಿಕೊಟ್ಟರು. ಮಧ್ಯಪ್ರದೇಶದಲ್ಲಿ ಏಕಲವ್ಯ ಸಂಸ್ಥೆಯವರು 1980ರ ದಶಕದಲ್ಲಿ ಆರಂಭಿಸಿದ ಸಮಾಜವಿಜ್ಞಾನದ ಪ್ರಯೋಗವು ಸಾಮಾನ್ಯ ಸರಕಾರಿ ಶಾಲೆಗಳ ಮಕ್ಕಳಿಗೆ ಪ್ರಶ್ನೆಯಿಂದಲೇ ಪಾಠವನ್ನು ಆರಂಭಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇದೇ ದಿಕ್ಕನ್ನು ಸೂಚಿಸಿತು. ದಾರಿ ತಿಳಿಯದೆ ನಾವು ನಿಂತಿಲ್ಲ. ತಿಳಿದ ದಾರಿಯಲ್ಲಿ ನಡೆಯಲು ಮನಸ್ಸಿಲ್ಲದೆ ನಿಂತಿದ್ದೇವೆ.

ಕನ್ನಡ ನಾಡಿನಲ್ಲಂತೂ ಸಾಮಗ್ರಿಗೆ ಕೊರತೆಯಿಲ್ಲ. ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ಮತ್ತು ಕೊಡಗಿನ ಶಾಸನಗಳು ಊರೂರಿನ ಹೆಸರಿನೊಡನೆ ಸಂಖ್ಯಾಕ್ರಮದಲ್ಲಿ ಬಂದಿವೆ. ಬೇಲೂರು ತಾಲ್ಲೂಕಿನ ಹುಡುಗಿಯೊಬ್ಬಳು ಹಲ್ಮಿಡಿಯ ಹೆಸರನ್ನು ಪುಸ್ತಕದಲ್ಲಿ ಓದುವುದಕ್ಕೆ ಮೊದಲು ತನ್ನ ಊರಿನ ಗುಡಿಯ ಹಿಂದೆ ಅರ್ಧ ಹೂತುಹೋದ ವೀರಗಲ್ಲಿನ ಮುಂದೆ ನಿಲ್ಲಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ದೇವಸಾನ್ನಿಧ್ಯ. ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೆ ಊರವರು ನಿಲ್ಲಿಸಿದ ಕಲ್ಲಾಗಿರಬಹುದು ಅದು. ದನಗಳಿಗಾಗಿ ಜನ ಸಾಯುತ್ತಿದ್ದ ಕಾಲದ ಸಂಪತ್ತು ಯಾವುದು, ಸತ್ತವನ ಮನೆಯವರಿಗೆ ಬಿಟ್ಟ ಭೂಮಿಯನ್ನು ಕೊಟ್ಟವರು ಯಾರು, ಪಕ್ಕದ ಮಾಸ್ತಿಗಲ್ಲಿನ ಹೆಂಗಸಿನ ಹೆಸರನ್ನು ಯಾರೂ ಏಕೆ ಕೆತ್ತಿಸಲಿಲ್ಲ ಎಂದು ಕೇಳುತ್ತ ಹೋದರೆ ಅರ್ಥಶಾಸ್ತ್ರವೂ ರಾಜ್ಯಶಾಸ್ತ್ರವೂ ಸಮಾಜಶಾಸ್ತ್ರವೂ ಆ ಒಂದು ಕಲ್ಲಿನಿಂದಲೇ ಹೊರಡುತ್ತವೆ. ಅರಸರ ಪಟ್ಟಿಯಲ್ಲಿ ಈ ಕಲ್ಲಿಗೆ ಸ್ಥಳವಿಲ್ಲ. ನಾಡಿನ ಇತಿಹಾಸದಲ್ಲಿ ಇದೆ.

ಇಷ್ಟು ಹೊತ್ತು ಇತಿಹಾಸದ ಮಾತನ್ನೇ ಆಡಬೇಕಾದುದು ಕೂಡ ಸ್ತುತಿಪಾಠದ ಒಂದು ದುಷ್ಫಲವೇ ಸರಿ. ಪೂಜ್ಯರ ಪಟ್ಟಿಗಾಗಿ ನಡೆಯುವ ಕದನದಲ್ಲಿ ಸಮಾಜವಿಜ್ಞಾನದ ಉಳಿದ ಅಂಗಗಳೆಲ್ಲ ಅನಾಥವಾಗಿವೆ. ಗ್ರಾಮ ಪಂಚಾಯತಿಯ ಪಾಠ ಸರಿಯಾಗಿಲ್ಲವೆಂದು ಯಾರಾದರೂ ಮೆರವಣಿಗೆ ಹೊರಟದ್ದುಂಟೆ? ಸಂವಿಧಾನದ 73ನೆಯ ತಿದ್ದುಪಡಿಗಿಂತ ಮೊದಲೇ, 1983ರ ಕಾನೂನಿನ ಮೂಲಕ, ಮಹಿಳೆಯರಿಗೆ ಸ್ಥಾನಗಳನ್ನು ಕಾದಿರಿಸಿ, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ, ದೇಶಕ್ಕೆ ದಾರಿ ತೋರಿದ ರಾಜ್ಯ ನಮ್ಮದು. 1993ರ ಪಂಚಾಯತ್ ರಾಜ್ ಅಧಿನಿಯಮದಿಂದಲೂ ಅದರ ಮುಂದಿನ ತಿದ್ದುಪಡಿಗಳಿಂದಲೂ ಗ್ರಾಮಸಭೆ, ವಾರ್ಡ್ ಸಭೆ, ಜಮಾಬಂದಿಗಳೆಂಬ ಅಧಿಕಾರಗಳು ಪ್ರಜೆಯ ಕೈಗೆ ಬಂದಿವೆ. ಪರೀಕ್ಷೆಯಲ್ಲಿ ಪಂಚಾಯತಿಯ ಮೂರು ಹಂತಗಳ ಹೆಸರನ್ನು ತಪ್ಪಿಲ್ಲದೆ ಬರೆದು ಉತ್ತೀರ್ಣನಾದ ಹುಡುಗನು, ತನ್ನ ಊರಿನ ಪಂಚಾಯತಿಗೆ ಈ ವರ್ಷ ಬಂದ ಹಣವೆಷ್ಟು, ಅದರಲ್ಲಿ ಕುಡಿಯುವ ನೀರಿಗೆ ಖರ್ಚಾದುದೆಷ್ಟು, ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ತನ್ನ ತಾಯಿಗೆ ಇದೆಯೇ ಎಂಬುದನ್ನು ಅರಿಯದೆ ಶಾಲೆಯಿಂದ ಹೊರಬೀಳುತ್ತಾನೆ. ಅವನಿಗೆ ಪ್ರಜಾಪ್ರಭುತ್ವದ ಹೆಸರು ಗೊತ್ತಿದೆ. ಅದನ್ನು ನಡೆಸುವ ರೀತಿ ಗೊತ್ತಿಲ್ಲ.

ರೈತನ ಮನೆಯಲ್ಲಿ ಇರತಕ್ಕ ಒಂದು ಪಹಣಿ ಪತ್ರಿಕೆಯನ್ನು ತರಗತಿಗೆ ತಂದರೆ ಎಷ್ಟು ವಿಷಯಗಳನ್ನು ಕಲಿಸಬಹುದೆಂಬುದನ್ನು ಯೋಚಿಸಬೇಕು. ಸರ್ವೆ ನಂಬರು, ವಿಸ್ತೀರ್ಣ, ಖರಾಬು, ಮಣ್ಣಿನ ಬಗೆ, ನೀರಿನ ಮೂಲ, ಬೆಳೆ, ಭೂಮಿಯ ಮೇಲಿನ ಸಾಲ, ಎಲ್ಲಕ್ಕಿಂತ ಮಿಗಿಲಾಗಿ ಒಡೆತನದ ಹೆಸರು; ಇಷ್ಟೂ ಆ ಒಂದು ಹಾಳೆಯಲ್ಲಿದೆ. ಆ ಹೆಸರು ಅಲ್ಲಿಗೆ ಬಂದುದು ಹೇಗೆ ಎಂದು ಕೇಳಿದರೆ, ಎಷ್ಟೋ ಮನೆಗಳಲ್ಲಿ ಉತ್ತರವು 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಕಡೆಗೆ ಕೈಮಾಡುತ್ತದೆ. ಗೇಣಿಗೆ ಉಳುತ್ತಿದ್ದ ಅಜ್ಜ ಫಾರಂ ನಂಬರ್ 7ನ್ನು ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತುದು, ಅದಕ್ಕೂ ಮೊದಲು 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದುದು, ಭೂಮಿಯನ್ನು ಕಳೆದುಕೊಂಡ ಸಣ್ಣ ಒಡೆಯರ ಮನೆಗಳಲ್ಲಿ, ಬೇರೆ ಆಧಾರವಿಲ್ಲದ ವಿಧವೆಯರ ಮನೆಗಳಲ್ಲಿ ಆದ ಸಂಕಟ, ಎಲ್ಲವೂ ಹೊರಬರುತ್ತದೆ. ಒಂದೇ ತರಗತಿಯಲ್ಲಿ ಭೂಮಿ ಪಡೆದವರ ಮೊಮ್ಮಗನೂ ಕಳೆದುಕೊಂಡವರ ಮೊಮ್ಮಗಳೂ ಕುಳಿತಿರುತ್ತಾರೆ. ಭೂಮಿಯೇ ಸಿಗದೆ ಕೂಲಿಯಲ್ಲಿಯೇ ಉಳಿದ ದಲಿತ ಮನೆತನದ ಮಗುವೂ ಕುಳಿತಿರುತ್ತದೆ. ಈ ಮೂವರೂ ಪರಸ್ಪರರ ಮನೆಯ ಕಥೆಯನ್ನು ಕೇಳಿ, ಕಾನೂನಿನ ಉದ್ದೇಶವನ್ನೂ ಫಲವನ್ನೂ ತೂಗಿ ನೋಡಿದರೆ, ನ್ಯಾಯವೆಂಬುದು ಎಷ್ಟು ಅಗತ್ಯವೂ ಎಷ್ಟು ಕಠಿನವೂ ಆದ ವಸ್ತುವೆಂಬುದು ಅವರಿಗೆ ತಿಳಿಯುತ್ತದೆ. ಪುಸ್ತಕವಾದರೋ ಭೂಸುಧಾರಣೆಗೆ ಒಂದು ಪ್ಯಾರವನ್ನು ಕೊಟ್ಟು, ಉಳುವವನೇ ಹೊಲದೊಡೆಯನೆಂಬ ಘೋಷಣೆಯನ್ನು ಹೇಳಿ ಮುಂದಕ್ಕೆ ಹೋದರೆ ತನ್ನ ಕರ್ತವ್ಯ ಮುಗಿಯಿತೆಂದು ಭಾವಿಸುತ್ತದೆ.

ನದಿಯ ಪಾಠವೂ ಹೀಗೆಯೇ ಬಡವಾಗಿದೆ. ಕಾವೇರಿಯ ಉಗಮಸ್ಥಾನ, ಉಪನದಿಗಳು, ಅಣೆಕಟ್ಟುಗಳ ಹೆಸರು ಎಲ್ಲರಿಗೂ ಗೊತ್ತು. ಮಳೆ ಕಡಮೆಯಾದ ವರ್ಷದಲ್ಲಿ ಬೀದಿಗೆ ಇಳಿಯುವ ತರುಣರಿಗೆ 1892 ಮತ್ತು 1924ರ ಒಪ್ಪಂದಗಳಲ್ಲಿ ಏನಿತ್ತು, 1990ರಲ್ಲಿ ನ್ಯಾಯಾಧಿಕರಣ ಏಕೆ ಬಂತು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕಕ್ಕೆ 284.75 ಟಿಎಂಸಿ ಅಡಿ ನೀರನ್ನು ಹಂಚಿ, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಅಡಿ ಬಿಡಬೇಕೆಂದುದು ಯಾವ ಯುಕ್ತಿಯಿಂದ ಎಂಬುದು ಗೊತ್ತಿಲ್ಲ. ಮಂಡ್ಯದ ವಿದ್ಯಾರ್ಥಿ ತನ್ನ ಊರಿನ ಕಬ್ಬಿನ ಪಕ್ಷವನ್ನು ಹೇಳಬಲ್ಲವನಾದರೆ ಅದರಲ್ಲಿ ಶಿಕ್ಷಣದ ಪಾಲೇನೂ ಇಲ್ಲ. ತಂಜಾವೂರಿನ ಭತ್ತದ ರೈತನ ಪಕ್ಷವನ್ನು ಆ ರೈತನೇ ಕೇಳಿ, ಹೌದು, ನನ್ನ ಮಾತು ಇದೇ ಎಂದು ಒಪ್ಪುವಷ್ಟು ನ್ಯಾಯವಾಗಿ ಹೇಳಿ, ಆಮೇಲೆ ಅದಕ್ಕೆ ತನ್ನ ಉತ್ತರವನ್ನು ಕೊಡಬಲ್ಲವನಾದರೆ ಮಾತ್ರ ಅವನು ಸಮಾಜವಿಜ್ಞಾನವನ್ನು ಕಲಿತನೆನ್ನಬಹುದು. ಹೀಗೆ ಕಲಿತವನಿಂದ ನಾಡಿನ ಹಿತಕ್ಕೆ ಕುಂದಿಲ್ಲ. ನಾಡಿನ ಪಕ್ಷವನ್ನು ನ್ಯಾಯಾಲಯದಲ್ಲಿ ಸಮರ್ಥವಾಗಿ ಮಂಡಿಸತಕ್ಕವರು ಇಂಥವರಲ್ಲಿಯೇ ಹುಟ್ಟುತ್ತಾರೆ.

ಇನ್ನು ಮೂರನೆಯ ವಾದ. ಹೊರಗಿಡಲ್ಪಟ್ಟವರು ಪುಸ್ತಕದ ಒಳಗೆ ಬರಬೇಕೆಂಬುದನ್ನು ನಾನು ಸರ್ವಾತ್ಮನಾ ಒಪ್ಪುತ್ತೇನೆ. ಅವರು ಬರಬೇಕಾದ ರೀತಿಯಲ್ಲಿ ಮಾತ್ರ ನನಗೆ ಭೇದವಿದೆ. ಗೋಡೆಯ ಮೇಲಿನ ಪಟಗಳ ಸಾಲಿಗೆ ಇನ್ನೊಂದು ಪಟವನ್ನು ಸೇರಿಸಿದ ಮಾತ್ರಕ್ಕೆ, ಆ ಸಾಲಿನಲ್ಲಿ ಅಷ್ಟು ಕಾಲ ಅವರಿಗೆ ಸ್ಥಳವೇಕಿರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ. ಪಟವನ್ನು ಕೊಟ್ಟು ಪ್ರಶ್ನೆಯನ್ನು ಮುಚ್ಚಿದಂತಾಗುತ್ತದೆ. ಮೈಸೂರಿನ ಇತಿಹಾಸದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೂ ಸರ್ ಎಂ. ವಿಶ್ವೇಶ್ವರಯ್ಯನವರೂ ಸಮಾನವಾಗಿ ಪೂಜ್ಯರು. 1918ರಲ್ಲಿ ಮಹಾರಾಜರ ಸರಕಾರವು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ, ಸರಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಸಲ್ಲಬೇಕಾದ ಪಾಲಿನ ವಿಚಾರ ಮಾಡಿಸಿದಾಗ, ಯೋಗ್ಯತೆಯೊಂದೇ ಮಾನದಂಡವಾಗಬೇಕೆಂಬ ಅಭಿಪ್ರಾಯದ ವಿಶ್ವೇಶ್ವರಯ್ಯನವರು ಒಡೆಯರೊಡನೆ ಭಿನ್ನಾಭಿಪ್ರಾಯ ತಳೆದು ದಿವಾನ ಪದವಿಯನ್ನು ಬಿಟ್ಟರು. ಇಬ್ಬರೂ ಮಹನೀಯರು, ಇಬ್ಬರ ಕಡೆಗೂ ಕಾರಣಗಳಿದ್ದುವು, ಮುಂದೆ 1975ರ ಹಾವನೂರ್ ಆಯೋಗದ ವರದಿಯಿಂದ ಮೊದಲುಗೊಂಡು ಇಂದಿನವರೆಗೂ ನಾಡನ್ನು ಅಲುಗಿಸುತ್ತಿರುವ ಪ್ರಶ್ನೆ ಅದೇ. ಪೂಜೆಗಾಗಿ ರಚಿಸಿದ ಪಠ್ಯಕ್ರಮವು ಈ ಪ್ರಸಂಗವನ್ನು ಬೆಳೆಸಿ ಕಲಿಸಲಾರದು, ಏಕೆಂದರೆ ಇಬ್ಬರು ಪೂಜ್ಯರು ಪರಸ್ಪರ ಒಪ್ಪದೆ ಹೋದರೆ ಪೂಜೆ ನಿಂತುಹೋಗುತ್ತದೆ. ಆದರೆ ವಿದ್ಯೆ ಆರಂಭವಾಗುವುದು ಅಲ್ಲಿಯೇ. ಅಕ್ಷರದ ಹೊರಗಿದ್ದ ಮನೆಯ ಮಗುವಿಗೆ ಈ ನಾಡು ತನ್ನದೆನಿಸುವುದು, ತನ್ನ ಪೂರ್ವಿಕರ ಸ್ಥಿತಿಗೆ ಕಾರಣವಾದ ವ್ಯವಸ್ಥೆಯನ್ನು ತರಗತಿಯ ನಡುವೆ ಇಟ್ಟು, ಸಹಪಾಠಿಗಳೆಲ್ಲರೂ ಕೂಡಿ ಅದರ ಲೆಕ್ಕವನ್ನು ಕೇಳಿದ ದಿನ.

ಈ ಎಲ್ಲ ಮಾತನ್ನೂ ಪರಕೀಯವೆಂದು ತಳ್ಳಿಹಾಕುವವರು ಇದ್ದಾರೆ. ಪ್ರಶ್ನೆ ಮಾಡುವುದು ಪಾಶ್ಚಾತ್ಯರ ರೀತಿ, ಶ್ರದ್ಧೆಯಿಂದ ಗ್ರಹಿಸುವುದು ನಮ್ಮ ರೀತಿ ಎಂದು ಅವರು ಹೇಳುತ್ತಾರೆ. ನಮ್ಮ ದರ್ಶನಗಳನ್ನು ಪರಿಚಯ ಮಾಡಿಕೊಂಡವರು ಈ ಮಾತನ್ನು ಆಡಲಾರರು. ಇದು ನಿನಗೆ ತಿಳಿದುದು ಯಾವ ಪ್ರಮಾಣದಿಂದ, ಪ್ರತ್ಯಕ್ಷವೋ, ಅನುಮಾನವೋ, ಆಪ್ತವಾಕ್ಯವೋ ಎಂದು ಕೇಳದೆ ಅವು ಮುಂದಕ್ಕೆ ಹೆಜ್ಜೆಯಿಡುವುದಿಲ್ಲ. ಎದುರಾಳಿಯ ಪಕ್ಷವನ್ನು ಪೂರ್ತಿಯಾಗಿ ನಿರೂಪಿಸದೆ ತಮ್ಮ ಸಿದ್ಧಾಂತವನ್ನು ಸ್ಥಾಪಿಸುವುದಿಲ್ಲ. ಪ್ರಮಾಣವಿಚಾರವನ್ನೂ ಪೂರ್ವಪಕ್ಷವನ್ನೂ ಬಿಟ್ಟು ಬರಿಯ ಸಿದ್ಧಾಂತವನ್ನು ಕಂಠಪಾಠ ಮಾಡಿಸುವ ನಮ್ಮ ಇಂದಿನ ಸಮಾಜಪಾಠವೇ ಈ ಪರಂಪರೆಗೆ ದೂರವಾದುದು. ಸ್ವತಂತ್ರ ಭಾರತದ ಸಂವಿಧಾನವೂ ಇದಕ್ಕೆ ಹೊರತಾಗಿಲ್ಲ. 51ಎ ವಿಧಿಯಲ್ಲಿ ನಮ್ಮ ಸಂಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಬೇಕೆಂದು ಹೇಳಿದ ಕೈಯೇ, ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳಬೇಕೆಂದು ಪ್ರಜೆಗೆ ವಿಧಿಸಿದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು, ಧರ್ಮದಲ್ಲಿ ಭಕ್ತಿಯು ಮುಕ್ತಿಮಾರ್ಗವಾಗಬಹುದಾದರೂ ರಾಜಕಾರಣದಲ್ಲಿ ವ್ಯಕ್ತಿಪೂಜೆಯು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿಯೆಂದು ದೇಶವನ್ನು ಎಚ್ಚರಿಸಿದರು. ಪಠ್ಯಪುಸ್ತಕದಲ್ಲಿ ಅವರ ಹೆಸರಿನೊಡನೆ ಬಿರುದು ಇರಬೇಕೆಂದು ಹೋರಾಡಿದವರೂ ಆ ಬಿರುದನ್ನು ಪುಸ್ತಕದಿಂದ ಬಿಟ್ಟವರೂ ಈ ಎಚ್ಚರಿಕೆಯನ್ನು ಪಠ್ಯಕ್ರಮದ ತಳಹದಿಯನ್ನಾಗಿ ಮಾಡಲಿಲ್ಲ.

ಪ್ರಶ್ನಿಸುವುದನ್ನು ಕಲಿತ ಮಗು ಯಾವುದನ್ನೂ ನಂಬದೆ ಹೋದೀತೆಂಬ ಭಯಕ್ಕೂ ಉತ್ತರ ಹೇಳಬೇಕು. ಪರೀಕ್ಷೆಯ ಫಲ ಅಪನಂಬಿಕೆಯಲ್ಲ. ಪರೀಕ್ಷೆಯಲ್ಲಿ ನಿಂತುದನ್ನು ನಂಬುವುದು. ಇಂದು ಪ್ರತಿಯೊಂದು ಮನೆಯ ಮೊಬೈಲಿನಲ್ಲಿಯೂ ಇತಿಹಾಸವೆಂಬ ಹೆಸರಿನಿಂದ ದಿನದಿನವೂ ಬಂದು ಬೀಳುವ ಸಂದೇಶಗಳನ್ನು ನೋಡಿದವರಿಗೆ ನಿಜವಾದ ಅಪಾಯ ಎಲ್ಲಿದೆಯೆಂಬುದು ತಿಳಿದಿದೆ. ಬರಿಯ ಪೂಜೆಯನ್ನು ಕಲಿತು ಬಂದವನು ತನ್ನ ಪೂಜ್ಯನ ವಿಷಯದಲ್ಲಿ ವಿರುದ್ಧವಾದ ಒಂದು ಮಾತನ್ನು ಓದಿದರೆ ಒಂದೋ ಕೆರಳುತ್ತಾನೆ, ಇಲ್ಲವೆ ಪೂಜೆಯನ್ನೆಲ್ಲ ಒಮ್ಮೆಗೇ ಬಿಸುಡುತ್ತಾನೆ. ಅದನ್ನು ಹೇಳಿದವರು ಯಾರು, ಆಧಾರವೇನು, ಬೇರೆ ಸಾಕ್ಷ್ಯವುಂಟೆ ಎಂದು ಕೇಳುವುದು ಅವನಿಗೆ ತೋಚುವುದಿಲ್ಲ. ಸಂಗತಿಗಳೇ ತಿಳಿಯದವನು ಪರೀಕ್ಷಿಸುವುದಾದರೂ ಏನನ್ನು ಎಂಬ ಆಕ್ಷೇಪಣೆಯೂ ಯುಕ್ತವಾದುದೇ. ಕಾಲಾನುಕ್ರಮವನ್ನೂ ಮುಖ್ಯ ಸಂಗತಿಗಳನ್ನೂ ವಿದ್ಯಾರ್ಥಿ ಅವಶ್ಯವಾಗಿ ಅರಿಯಬೇಕು. ಸಾಕ್ಷ್ಯದೊಡನೆ ಕಲಿತ ಸಂಗತಿಯು ಅದಿಲ್ಲದೆ ಕಲಿತ ಸಂಗತಿಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆಂಬುದನ್ನು ಅನುಭವವುಳ್ಳ ಉಪಾಧ್ಯಾಯರೆಲ್ಲರೂ ಬಲ್ಲರು.

ಆದುದರಿಂದ ಪಠ್ಯಕ್ರಮದಿಂದ ನಾವು ಕೇಳಬೇಕಾದುದು ಇಷ್ಟು. ಐದರಿಂದ ಏಳನೆಯ ತರಗತಿಯವರೆಗೆ ಮಗು ತನ್ನ ಊರಿನ ಅಥವಾ ಬಡಾವಣೆಯ ನಕ್ಷೆಯನ್ನು ನಡೆದು ನೋಡಿ ಬರೆಯಲಿ, ಹಿರಿಯರ ಮಾತನ್ನು ದಾಖಲಿಸಲಿ, ಕೆರೆಯ ನೀರನ್ನು ಹೊಲಗಳಿಗೆ ಹಂಚುತ್ತಿದ್ದ ನೀರುಗಂಟಿಯ ಪದ್ಧತಿಯನ್ನು ಕೇಳಿ ತಿಳಿಯಲಿ, ಊರಿನ ಕಲ್ಲನ್ನು ಓದಲಿ. ಎಂಟು, ಒಂಬತ್ತನೆಯ ತರಗತಿಗಳಲ್ಲಿ ನಾಡಿನ ಮತ್ತು ದೇಶದ ಪ್ರತಿಯೊಂದು ಮುಖ್ಯ ಘಟನೆಯನ್ನೂ ಭಿನ್ನವಾದ ಎರಡು ಸಾಕ್ಷ್ಯಗಳ ಮೂಲಕವೇ ಅಭ್ಯಾಸ ಮಾಡಲಿ. ಹತ್ತನೆಯ ತರಗತಿಯಲ್ಲಿ ಪಂಚಾಯತಿಯ ಆಯವ್ಯಯ, ಪಹಣಿ, ಜನಗಣತಿಯ ಕೋಷ್ಟಕ, ನದಿಯ ತೀರ್ಪು, ಮೀಸಲಾತಿಯ ವಾದಗಳು ಇವುಗಳನ್ನು ಎದುರಿಗಿಟ್ಟುಕೊಂಡು, ತಾನು ಒಪ್ಪದ ಪಕ್ಷವನ್ನು ನ್ಯಾಯವಾಗಿ ಮಂಡಿಸಲು ಕಲಿಯಲಿ. ಪರೀಕ್ಷೆಯ ಪತ್ರಿಕೆಯಲ್ಲಿ, ಹಿಂದೆ ನೋಡದ ಒಂದು ದಾಖಲೆಯನ್ನು ಕೊಟ್ಟು, ಇದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬ ಪ್ರಶ್ನೆಗೆ ಗಣನೀಯವಾದ ಅಂಕಗಳಿರಲಿ. ಎಲ್ಲಿಯವರೆಗೆ ಬಿಟ್ಟ ಸ್ಥಳ ತುಂಬಿಸುವುದಕ್ಕೂ ಹೊಂದಿಸಿ ಬರೆಯುವುದಕ್ಕೂ ಅಂಕಗಳು ಮೀಸಲಾಗಿರುವುವೋ ಅಲ್ಲಿಯವರೆಗೆ ಗೈಡುಗಳೇ ನಿಜವಾದ ಪಠ್ಯಪುಸ್ತಕಗಳಾಗಿ ಉಳಿಯುತ್ತವೆ. ಉಪಾಧ್ಯಾಯರಿಗೆ ಇದೆಲ್ಲ ಹೊರೆಯಾದೀತೆಂದು ಹೇಳುವವರು, ಅವರಿಂದ ಅನ್ಯಕಾರ್ಯಗಳ ಹೊರೆಯನ್ನು ಇಳಿಸಿ, ತಾಲ್ಲೂಕಿನ ಶಾಸನಸಂಪುಟವನ್ನೂ ದಾಖಲೆಗಳನ್ನೂ ಪ್ರತಿಯೊಂದು ಪ್ರೌಢಶಾಲೆಗೆ ಮುಟ್ಟಿಸಿ, ಮಕ್ಕಳನ್ನು ಹೊರಗೆ ಕರೆದೊಯ್ಯಲು ಸಮಯವನ್ನೂ ಸ್ವಾತಂತ್ರ್ಯವನ್ನೂ ಕೊಡುವಂತೆ ಸರಕಾರವನ್ನು ಒತ್ತಾಯಿಸಲಿ. ಪಾಠವೊಂದನ್ನು ಸೇರಿಸಲು ಅಥವಾ ತೆಗೆಸಲು ಮಾಡುವ ಹೋರಾಟದ ಅರ್ಧದಷ್ಟು ಶ್ರಮ ಇದಕ್ಕೆ ಸಾಕು.

ಪುಸ್ತಕದ ಪರಿಷ್ಕರಣಗಳಿಗೆ ನಾವು ಇಷ್ಟೊಂದು ಹೆದರುವುದಕ್ಕೆ ಕಾರಣ, ಪುಸ್ತಕ ಏನು ಹೇಳಿದರೂ ನಂಬುವಂತೆ ನಮ್ಮ ಮಕ್ಕಳನ್ನು ನಾವೇ ಬೆಳೆಸಿರುವುದು. ನಂಬಿಸತಕ್ಕ ಪುಸ್ತಕ ಯಾರ ಕೈಯಲ್ಲಿರಬೇಕೆಂಬ ಕಾದಾಟವು ಆ ವಿಧೇಯತೆ ಇರುವವರೆಗೂ ನಿಲ್ಲದು. ಪ್ರತಿಯೊಂದು ಚುನಾವಣೆಯೂ ಮಕ್ಕಳ ಮನಸ್ಸಿನ ಮೇಲೆ ನಡೆಯುವ ಚುನಾವಣೆಯಾಗುತ್ತದೆ. ಯಾವ ಸಮಿತಿ ಬರೆದ ಪುಸ್ತಕವನ್ನಾದರೂ ಕೈಗೆ ತೆಗೆದುಕೊಂಡು, ಇಲ್ಲಿ ಆಧಾರವಿದೆ, ಇಲ್ಲಿ ಇಲ್ಲ, ಇಲ್ಲಿ ಇನ್ನೊಬ್ಬರ ಮಾತನ್ನು ಬಿಡಲಾಗಿದೆ ಎಂದು ತಾನೇ ಗುರುತಿಸಬಲ್ಲ ವಿದ್ಯಾರ್ಥಿಯನ್ನು ರೂಪಿಸಿದರೆ ಆ ಕಾದಾಟಕ್ಕೆ ಅರ್ಥವೇ ಉಳಿಯುವುದಿಲ್ಲ. ಅಂಥ ವಿದ್ಯಾರ್ಥಿಯನ್ನು ರೂಪಿಸುವುದು ಸಮಾಜವಿಜ್ಞಾನದ ಧರ್ಮ. ಇದಕ್ಕೆ ಕಡಮೆಯಾದುದನ್ನು ಕೊಡುವ ಪಠ್ಯಕ್ರಮವನ್ನು, ಅದು ಯಾವ ಪಕ್ಷದ ಪೂಜ್ಯರನ್ನು ಹೊತ್ತು ಬಂದರೂ, ಪೋಷಕರೂ ಉಪಾಧ್ಯಾಯರೂ ಒಪ್ಪಿಕೊಳ್ಳಬಾರದು.